ಕಲಬುರಗಿಗೆ ವರ್ಗವಾಗಿದೆಯೇ? ಮನೆ ಹಿಡಿಯುವ ಮುನ್ನ ಇಷ್ಟು ನೋಡಿ

ದಾವಣಗೆರೆಯಿಂದ ಕಲಬುರಗಿಗೆ ವರ್ಗವಾಗಿ ಬಂದಾಗ ನಾನು ಮಾಡಿದ ಮೊದಲ ತಪ್ಪು, ಬರೀ ಮನೆ ನೋಡಿ ಮನೆ ಹಿಡಿದದ್ದು. ಹೊಸ ಕಟ್ಟಡ, ಮೂರು ಕೋಣೆ, ಗಾಡಿ ನಿಲ್ಲಿಸಲು ಜಾಗ, ಬಾಡಿಗೆಯೂ ಮೈಮೇಲೆ ಬರುವಂಥದ್ದಲ್ಲ. ನೋಡಿದ್ದು ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ. ಆ ಹೊತ್ತಿನಲ್ಲಿ ಈ ಊರಿನಷ್ಟು ಹಿತವಾದ ಊರು ಇನ್ನೊಂದಿಲ್ಲ ಅನ್ನಿಸಿತ್ತು. ಜೂನ್ ಬಂದಾಗ ಗೊತ್ತಾಯಿತು: ಮಗಳ ಶಾಲೆ ಊರಿನ ಆ ತುದಿಗೆ, ನನ್ನ ಕಚೇರಿ ಈ ತುದಿಗೆ, ಮನೆ ಎರಡಕ್ಕೂ ಸಂಬಂಧವಿಲ್ಲದ ಮೂರನೇ ಮೂಲೆಗೆ. ಎರಡನೇ ಮಳೆಗೆ ಬಡಾವಣೆಯ ದಾರಿ ಕರಿ ಎರೆಮಣ್ಣಿನ ರಾಡಿಯಾಯಿತು. ಆ ಮಣ್ಣು ಸ್ಕೂಟರಿನ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡರೆ ಚಕ್ರವೇ ತಿರುಗುವುದಿಲ್ಲ. ಶಾಲಾ ವ್ಯಾನಿನವನು "ಒಳಗ ಬರಂಗಿಲ್ರಿ ಸರ, ಮೇನ್ ರೋಡಿಗೆ ಕರಕೊಂಡು ಬರ್ರಿ" ಅಂದು ಕೈ ತೊಳೆದುಕೊಂಡ. ಹನ್ನೊಂದು ತಿಂಗಳ ಕರಾರು ಮುಗಿಯುವುದನ್ನೇ ಕಾಯ್ದು ಮನೆ ಬದಲಿಸಿದೆವು. ಮುಂದೆ ಇನ್ನೊಮ್ಮೆಯೂ ಬದಲಿಸಿದೆವು.

ಈಗ ಯಾರಿಗೆ ಇಲ್ಲಿಗೆ ಆರ್ಡರ್ ಬಂದರೂ ನಮ್ಮ ಕಚೇರಿಯವರು ನನ್ನ ನಂಬರು ಕೊಟ್ಟುಬಿಡುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವುದನ್ನು ಈ ಸಲ ಬರೆದೇ ಇಟ್ಟಿದ್ದೇನೆ.

1. ಬಡಾವಣೆಯಲ್ಲ, ಮೊದಲು ರಸ್ತೆ

ಬಡಾವಣೆಗಳ ಹೆಸರು ಹಿಡಿದು ಕಲಬುರಗಿಯನ್ನು ತಿಳಿಯಲು ಹೊರಟರೆ ತಲೆ ಕೆಡುತ್ತದೆ. ಇಲ್ಲಿನವರು ವಿಳಾಸ ಹೇಳುವುದೇ ರಸ್ತೆಯಿಂದ: "ಸೇಡಂ ರೋಡಿಗೆ ಬರ್ರಿ", "ಜೇವರ್ಗಿ ರೋಡ್ ಕಡೆ ಅದರೀ". ನಡುವೆ ಸೂಪರ್ ಮಾರ್ಕೆಟ್, ಜಗತ್ ವೃತ್ತ, ಪಟೇಲ್ ವೃತ್ತ. ಅಲ್ಲಿಂದ ಹೊರಡುವ ರಸ್ತೆಗಳಿಗೆ ಆಯಾ ತಾಲ್ಲೂಕಿನ ಹೆಸರು, ಅವನ್ನೆಲ್ಲ ಹೊರಗಿನಿಂದ ಕಟ್ಟಿ ಹಿಡಿದಿರುವುದು ರಿಂಗ್ ರೋಡು. ನಿಮ್ಮ ಕೆಲಸ ಯಾವ ರಸ್ತೆಯ ಮೇಲಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಇಎಸ್‌ಐಸಿ ಆಸ್ಪತ್ರೆ, ಗುಲಬರ್ಗಾ ವಿಶ್ವವಿದ್ಯಾಲಯ, ವಿಮಾನ ನಿಲ್ದಾಣ — ಇವೆಲ್ಲ ಸೇಡಂ ರಸ್ತೆಯ ಕಡೆ. ವಿಮಾನ ನಿಲ್ದಾಣ ಶ್ರೀನಿವಾಸ ಸರಡಗಿ ಬಳಿ 2019ರ ನವೆಂಬರ್‌ನಲ್ಲಿ ಶುರುವಾದ ಮೇಲೆ ಆ ಕಡೆಯ ಪ್ಲಾಟುಗಳ ಮಾತು ಬಲು ಜೋರಾಗಿದೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬರುವವರಿಗೆ ಆಳಂದ ರಸ್ತೆ. ಕಡಗಂಚಿ ಕ್ಯಾಂಪಸ್ ಊರಿನಿಂದ 25–30 ಕಿ.ಮೀ. ಆಚೆ. ಕಪನೂರ ಕೈಗಾರಿಕಾ ಪ್ರದೇಶಕ್ಕೆ ಹುಮನಾಬಾದ್ ರಸ್ತೆ, ನಂದೂರಿಗೆ ಶಹಾಬಾದ್ ರಸ್ತೆ. ಜೇವರ್ಗಿ ರಸ್ತೆಯ ಕಡೆ ಎನ್‌ಜಿಒ ಕಾಲೊನಿ, ಕರುಣೇಶ್ವರ ನಗರದಂಥ ನೆಲೆನಿಂತ ಕಾಲೊನಿಗಳಿವೆ. ಸೇಡಂ ರಸ್ತೆಯಲ್ಲಿ ಜಯನಗರ, ಗುಬ್ಬಿ ಕಾಲೊನಿ, ವೀರೇಂದ್ರ ಪಾಟೀಲ ಬಡಾವಣೆ ಇದ್ದಹಾಗೆ. ಶಹಾಬಜಾರ್, ಬ್ರಹ್ಮಪುರ ಹಳೆಯ ಊರು. ಓಣಿ ಇಕ್ಕಟ್ಟು, ಆದರೆ ಔಷಧಿ ಅಂಗಡಿ, ಕಿರಾಣಿ, ಗುಡಿ, ಮಸೀದಿ ಎಲ್ಲವೂ ನಡಿಗೆಯ ದೂರ. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ ಹಳೆಯ ಊರನ್ನು ಸುಮ್ಮನೆ ಮೂಗು ಮುರಿದು ತಳ್ಳಿಹಾಕಬೇಡಿ.

ಶಾಲೆಯ ಹೊತ್ತಿನಲ್ಲಿ ಮನೆಯ ಯಾರೊಬ್ಬರೂ ಊರಿನ ನಡುಭಾಗವನ್ನು ದಾಟುವಂತಿರಬಾರದು, ಅದರಲ್ಲೂ ಮಗು. ರೈಲು ಹಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂಬೈ–ಚೆನ್ನೈ ಮುಖ್ಯ ಮಾರ್ಗ ಊರನ್ನು ಸೀಳಿಕೊಂಡು ಹೋಗುತ್ತದೆ. ನಕ್ಷೆಯಲ್ಲಿ ಒಂದೂವರೆ ಕಿಲೋಮೀಟರ್ ಅನ್ನಿಸುವ ಶಾಲೆ ಹಳಿಯ ಆಚೆಗಿದ್ದರೆ, ಸೇತುವೆ ಬಳಸಿಕೊಂಡು ಹೋಗುವಾಗ ಅದರ ಎರಡರಷ್ಟಾಗುತ್ತದೆ.

2. ದೂರ ಯಾರ ಪಾಲಿಗೆ?

ಮನೆ, ಶಾಲೆ, ಕೆಲಸ ಮೂರೂ ಒಂದೇ ಕಡೆ ಸಿಕ್ಕರೆ ಅದೃಷ್ಟ. ಸಾಮಾನ್ಯವಾಗಿ ಎರಡು ಹತ್ತಿರವಾಗಿ ಒಂದು ದೂರವೇ ಉಳಿಯುತ್ತದೆ. ಆ ದೂರ ಯಾರ ಪಾಲಿಗೆ ಬರಬೇಕು ಎಂದು ಗಂಡ-ಹೆಂಡತಿ ಕುಳಿತು ಮಾತಾಡಿಕೊಳ್ಳುವುದು, ಹತ್ತು ಮನೆ ನೋಡುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಉತ್ತರ ಒಂದೇ. ದೂರ ಹೋಗುವವರು ದೊಡ್ಡವರೇ ಆಗಿರಬೇಕು. ಏಳು ವರ್ಷದ ಮಗುವನ್ನು ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕೂರಿಸಿ, ಅಪ್ಪ ಕಚೇರಿಗೆ ಹತ್ತು ನಿಮಿಷದಲ್ಲಿ ನಡೆದು ಹೋಗುವ ಮನೆಗಳನ್ನು ಕಂಡಿದ್ದೇನೆ. ಸಂಜೆ ಆ ಮಗು ಬ್ಯಾಗ್ ಇಳಿಸುವ ಮೊದಲೇ ಸೋಫಾ ಮೇಲೆ ನಿದ್ದೆ ಹೋಗಿರುತ್ತದೆ.

ಸಿಮೆಂಟ್ ಕಾರ್ಖಾನೆಗಳಿಗೆ ಬರುವವರಿಗೆ ಈ ಪ್ರಶ್ನೆ ಇನ್ನೂ ಬಿಗಿ. ಮಳಖೇಡ, ಸೇಡಂ, ವಾಡಿ, ಚಿತ್ತಾಪುರ ಸೀಮೆಯಲ್ಲಿ ಸುಣ್ಣದ ಕಲ್ಲಿನ ಜೊತೆಗೇ ಕಾರ್ಖಾನೆಗಳೂ ಬೆಳೆದಿವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಈ ಮಳಖೇಡ, ಮಕ್ಕಳಿಗೆ ಒಮ್ಮೆ ಕೋಟೆ ತೋರಿಸಿ. ಕಲಬುರಗಿಯಿಂದ ಮಳಖೇಡ 40 ಕಿ.ಮೀ. ಆಸುಪಾಸು, ಸೇಡಂ ಇನ್ನೂ ಮುಂದೆ. ಕಂಪನಿಯ ಟೌನ್‌ಶಿಪ್‌ನಲ್ಲಿ ಮನೆ ಕೊಟ್ಟರೆ ನೀರು, ಕರೆಂಟ್, ಆಟದ ಬಯಲು ಯಾವುದಕ್ಕೂ ತಾಪತ್ರಯವಿಲ್ಲ. ಶಾಲೆಯೂ ಕಾಂಪೌಂಡಿನೊಳಗೇ ಇದ್ದರೆ, ಮಗು ಐದನೇ ತರಗತಿಯೊಳಗಿರುವ ತನಕ ನಾನಾದರೆ ಅಲ್ಲಿಯೇ ಇರುತ್ತೇನೆ. ಎಂಟು, ಒಂಬತ್ತಕ್ಕೆ ಬಂದ ಮೇಲೆ ಮಾತೇ ಬೇರೆ. ಆಗ ಪಿಯು, ನೀಟ್, ಕೋಚಿಂಗ್ ಎಂಬ ಗದ್ದಲ ಶುರುವಾಗಿ ಕುಟುಂಬ ಕಲಬುರಗಿಗೆ ಬರುತ್ತದೆ, ಕೆಲಸದವರು ದಿನವೂ ಓಡಾಡುತ್ತಾರೆ. ಶಹಾಬಾದ್, ವಾಡಿಗೆ ರೈಲಿದೆ. ವಾಡಿಯಿಂದ ಸಿಕಂದರಾಬಾದ್ ಕಡೆ ಹೋಗುವ ಹಳಿ ಚಿತ್ತಾಪುರ, ಸೇಡಂ ಮೇಲೆಯೇ ಸಾಗುತ್ತದೆ. ಶಿಫ್ಟಿನ ವೇಳೆಗೆ ರೈಲಿನ ವೇಳೆ ಹೊಂದುತ್ತದೆಯೇ ಎಂದು ನೋಡಿ, ಆಮೇಲೆ ಸ್ಟೇಷನ್ ಕಡೆ ಮನೆ ಹುಡುಕಿ.

ಸರ್ಕಾರಿ ನೌಕರರು ಇನ್ನೊಂದು ವಿಷಯ ತಿಳಿದಿರಬೇಕು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಬಿಸಿಲಿನ ದೆಸೆಯಿಂದ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ರೂಢಿ. ಕೇಳಲು ಚೆಂದ. ಆದರೆ ಇಬ್ಬರೂ ನೌಕರಿಯಲ್ಲಿದ್ದು, ಮಗು ಸಿಬಿಎಸ್‌ಇ ಶಾಲೆಯಲ್ಲಿದ್ದರೆ, ಏಪ್ರಿಲ್‌ನಲ್ಲಿ ಆ ಶಾಲೆಗಳು ಹೊಸ ತರಗತಿ ಶುರುಮಾಡಿರುತ್ತವೆ. ಬೆಳಿಗ್ಗೆ ಏಳೂವರೆಗೆ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಚಪ್ಪಲಿ ಹುಡುಕುವ ಎರಡು ತಿಂಗಳು ಅದು.

3. ಶಾಲೆ ಆಮೇಲೆ ನೋಡೋಣ ಅನ್ನಬೇಡಿ

ರಸ್ತೆ ಗೊತ್ತಾದ ಮೇಲೆ ಶಾಲೆ, ಶಾಲೆ ಗೊತ್ತಾದ ಮೇಲೆ ಮನೆ. ನಾನು ತಿರುಗಾಮುರುಗಾ ಮಾಡಿ ಕೆಟ್ಟವನು.

ಹೊರಗಿನಿಂದ ಬರುವವರು ಮೊದಲು ಕೇಳುವ ಪ್ರಶ್ನೆ ಗೊತ್ತಿದೆ: "ಆ ಕಡೆ ಶಾಲೆ ಸರಿಯಿಲ್ಲವಂತೆ ಹೌದಾ?" 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 42.43ರಷ್ಟು ಫಲಿತಾಂಶ ಪಡೆದು ಕಲಬುರಗಿ ಜಿಲ್ಲೆ ರಾಜ್ಯದಲ್ಲಿ ಕೊನೆಗೆ ನಿಂತಿತು. ಅದರ ಹಿಂದಿನ ವರ್ಷ ಆ ಜಾಗದಲ್ಲಿ ಪಕ್ಕದ ಯಾದಗಿರಿ ಇತ್ತು. ಮುಚ್ಚಿಡುವಂಥದ್ದಲ್ಲ. ಆದರೆ ಅದು ಇಡೀ ಜಿಲ್ಲೆಯ ಲೆಕ್ಕ. ಶಿಕ್ಷಕರಿಲ್ಲದ ತಾಂಡಾದ ಶಾಲೆಯೂ, ತೊಗರಿ ರಾಶಿಗೆ ತಂದೆ-ತಾಯಿ ಜೊತೆ ಹೊಲಕ್ಕೆ ಹೋಗುವ ಹುಡುಗನೂ ಅದರಲ್ಲಿದ್ದಾರೆ. ನಿಮ್ಮ ಮಗು ಹೋಗುವ ಒಂದು ಶಾಲೆ ಹೇಗಿದೆ ಎಂಬುದನ್ನು ಆ ಅಂಕಿ ಹೇಳದು. ಇದೇ ಊರಿನಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘ, ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, ನಿಜಾಮರ ಕಾಲದ ನೂತನ ವಿದ್ಯಾಲಯದಂಥ ಹಳೆಯ ಸಂಸ್ಥೆಗಳಿವೆ. ಊರ ಹಿರಿಯ ಡಾಕ್ಟರು, ವಕೀಲರನ್ನು ಕೇಳಿ, ಅರ್ಧಕ್ಕರ್ಧ ಮಂದಿ ಇವುಗಳಲ್ಲಿ ಎಲ್ಲೋ ಒಂದು ಕಡೆ ಓದಿದವರೇ. ಸಂಸ್ಥೆ ಹಳೆಯದು ಎಂದಮಾತ್ರಕ್ಕೆ ಅದರ ಎಲ್ಲ ಶಾಲೆಗಳೂ ಇಂದು ಚೆನ್ನಾಗಿವೆ ಅಂತಲೂ ಅಲ್ಲ. ಹೋಗಿ ನೋಡಬೇಕು.

ಹೋದಾಗ ಕೌಂಟರಿನಲ್ಲಿ ಕೊಡುವ ಬಣ್ಣದ ಪುಸ್ತಿಕೆ ಬದಿಗಿಡಿ. ಗೇಟಿನ ಮೇಲೆ 99 ಪರ್ಸೆಂಟ್ ತೆಗೆದ ಮಕ್ಕಳ ಫ್ಲೆಕ್ಸ್ ಹಾಕಿರುತ್ತಾರೆ, ಅದನ್ನೂ ಬಿಡಿ. ನಾನು ಕೇಳುವ ಪ್ರಶ್ನೆ: ಕಳೆದ ವರ್ಷ ಹತ್ತನೇ ಪರೀಕ್ಷೆಗೆ ಎಷ್ಟು ಮಕ್ಕಳು ಕುಳಿತರು, ಅದರ ಹಿಂದಿನ ವರ್ಷ ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು? ಒಂಬತ್ತರಲ್ಲಿ 80 ಇದ್ದು ಹತ್ತಕ್ಕೆ 55 ಆಗಿದ್ದರೆ ಉಳಿದ 25 ಮಕ್ಕಳು ಎಲ್ಲಿ ಹೋದರು? ಓದಿನಲ್ಲಿ ಹಿಂದಿರುವವರಿಗೆ ಟಿ.ಸಿ. ಕೊಟ್ಟು ಕಳಿಸಿ ನೂರಕ್ಕೆ ನೂರು ಫಲಿತಾಂಶ ತೋರಿಸುವ ಶಾಲೆಗಳು ಎಲ್ಲ ಊರಲ್ಲೂ ಇವೆ. ಎರಡನೆಯದು, ಈ ವರ್ಷ ಎಷ್ಟು ಮಂದಿ ಶಿಕ್ಷಕರು ಬಿಟ್ಟುಹೋದರು? ಇದನ್ನು ಪ್ರಾಂಶುಪಾಲರಿಗಿಂತ ಗೇಟಿನ ಬಳಿ ನಿಂತ ಆಯಾಗೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ಅರ್ಧ ಗಂಟೆ ನಿಲ್ಲಿ. ಮಕ್ಕಳು ಹೇಗೆ ಹೊರಬರುತ್ತಾರೆ, ಒಂದು ಆಟೋಗೆ ಎಷ್ಟು ಮಕ್ಕಳನ್ನು ತುರುಕುತ್ತಾರೆ, ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. ಹೆಣ್ಣುಮಕ್ಕಳ ಶೌಚಾಲಯವನ್ನು ನಿಮ್ಮ ಮನೆಯವರು ಒಳಹೊಕ್ಕು ನೋಡಲಿ. ಅದರಲ್ಲಿ ನೀರಿಲ್ಲದಿದ್ದರೆ ಸ್ಮಾರ್ಟ್ ಬೋರ್ಡ್ ಇದ್ದೇನು ಮಾಡುವುದು.

ಬೋರ್ಡಿನ ಮೇಲೆ "ಸಿಬಿಎಸ್‌ಇ" ಎಂದಿದ್ದರೆ ಮಾನ್ಯತೆಯ ಸಂಖ್ಯೆ ಕೇಳಿ, ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿ, ಯಾವ ತರಗತಿಯವರೆಗೆ ಎಂಬುದನ್ನೂ ಓದಿ. "ಸಿಬಿಎಸ್‌ಇ ಮಾದರಿ" ಅಥವಾ "ಪಠ್ಯಕ್ರಮ" ಎಂದು ಬರೆದಿರುವುದು ಮಾನ್ಯತೆಯಲ್ಲ.

ಕೇಂದ್ರ ಸರ್ಕಾರಿ ನೌಕರರಿಗೆ, ಪದೇ ಪದೇ ವರ್ಗವಾಗುವವರಿಗೆ ಕೇಂದ್ರೀಯ ವಿದ್ಯಾಲಯದಲ್ಲಿ ಆದ್ಯತೆಯುಂಟು. ಅರ್ಜಿಯಲ್ಲಿ ವರ್ಗಾವಣೆಗಳ ಸಂಖ್ಯೆಯನ್ನೂ ಲೆಕ್ಕ ಹಿಡಿಯುತ್ತಾರೆ, ಆದ್ದರಿಂದ ಹಳೆಯ ಆರ್ಡರುಗಳನ್ನು ಜೋಪಾನ ಮಾಡಿ. ಆರನೇ ತರಗತಿಗಾದರೆ ಆದರ್ಶ ವಿದ್ಯಾಲಯ, ನವೋದಯಗಳ ಪ್ರವೇಶ ಪರೀಕ್ಷೆಗಳಿವೆ. ಎಲ್‌ಕೆಜಿಯಿಂದ ಪಿಯು ತನಕ ಒಂದೇ ಅಂಗಳದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಯೊಂದು ನಿಮ್ಮ ಹತ್ತಿರವಿದ್ದರೆ ಅದನ್ನೂ ನೋಡಿ ಬನ್ನಿ. ಸರ್ಕಾರಿ ಎಂದ ಕೂಡಲೇ ಮುಖ ತಿರುಗಿಸುವ ಚಟ ನನಗೂ ಇತ್ತು. ನಮ್ಮ ಓಣಿಯ ಹುಡುಗಿಯೊಬ್ಬಳು ಅಂಥ ಶಾಲೆಯಲ್ಲಿ ಓದಿ ನನ್ನ ಮಗಳಿಗೆ ಗಣಿತ ಹೇಳಿಕೊಡತೊಡಗಿದ ಮೇಲೆ ಬಿಟ್ಟಿತು.

ಹೊರರಾಜ್ಯದಿಂದ ಬರುವವರಿಗೆ ಒಂದು ಮಾತು. ಮಂಡಳಿ ಯಾವುದಿದ್ದರೂ ಕರ್ನಾಟಕದ ಶಾಲೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂಬ ಕಾಯ್ದೆ 2015ರಲ್ಲಿ ಬಂದಿದೆ. ಮಗು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಸೇರುವಂತಿದ್ದರೆ ಬರುವ ಮೊದಲೇ ಅಕ್ಷರ ತಿದ್ದಿಸಿಟ್ಟರೆ ಒಳ್ಳೆಯದು. ಆಡುಮಾತಿನ ಚಿಂತೆ ಬೇಡ. ಇಲ್ಲಿನ ಓಣಿಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಎಲ್ಲವೂ ಒಂದೇ ಕ್ರಿಕೆಟ್ ಆಟದಲ್ಲಿ ಕೇಳಿಬರುತ್ತವೆ. ದಾವಣಗೆರೆಯ ನನ್ನ ಮಗಳು ಮೂರು ತಿಂಗಳಲ್ಲಿ "ಹೋಗಂಗಿಲ್ಲ, ಬರಂಗಿಲ್ಲ" ಶುರುಮಾಡಿದಳು.

ಒಂದನೇ ತರಗತಿಗೆ ಸೇರಿಸುವವರು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು ಮರೆಯಬೇಡಿ. 2025–26ಕ್ಕೆ ಅದನ್ನು ಸಡಿಲಿಸಿದ್ದರು, ನೀವು ಸೇರಿಸುವ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲೇ ಕೇಳಿ. ಆರ್‌ಟಿಇ ಸೀಟಿನ, ಅಂದರೆ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿನ, ಆಸೆಯಿಂದ ಮನೆ ಹುಡುಕುವುದಾದರೆ ನಿಮ್ಮ ವಾರ್ಡ್ ಯಾವುದೆಂಬುದು ಮುಖ್ಯ. 2019ರಿಂದೀಚೆಗೆ ಹತ್ತಿರದಲ್ಲಿ ಸರ್ಕಾರಿ, ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗದು. ಹಾಗೆಯೇ, ಇಲ್ಲಿ ಬಾಡಿಗೆ ಮನೆ ಮಾಡಿದ ಮಾತ್ರಕ್ಕೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯ ಪ್ರಮಾಣಪತ್ರವೂ ಸಿಗುವುದಿಲ್ಲ. ಪ್ರತಿ ವರ್ಷ ಯಾರಾದರೊಬ್ಬರು ಈ ಆಸೆ ಇಟ್ಟುಕೊಂಡು ಫೋನು ಮಾಡುತ್ತಾರೆ.

4. ಮನೆಯನ್ನು ಮಧ್ಯಾಹ್ನ ಎರಡಕ್ಕೆ ನೋಡಿ

ಶಾಲೆಯಿಂದ ಎರಡು, ಹೆಚ್ಚೆಂದರೆ ಮೂರು ಕಿಲೋಮೀಟರ್ ಒಳಗೆ ಮನೆ ಹುಡುಕಿ. ಆನ್‌ಲೈನ್‌ನಲ್ಲಿ ಕಾಣುವ ಮನೆಗಳು ಕಡಿಮೆ. ಬೈಕ್ ಮೇಲೆ ಓಣಿ ಓಣಿ ಸುತ್ತಿ ಟು-ಲೆಟ್ ಬೋರ್ಡ್ ನೋಡುವುದೇ ಖಾತ್ರಿ ದಾರಿ. ಕಿರಾಣಿ ಅಂಗಡಿಯವರನ್ನು, ಇಸ್ತ್ರಿಯವರನ್ನು ಕೇಳಿ. ಯಾವ ಮನೆ ಖಾಲಿಯಿದೆ ಎನ್ನುವುದಷ್ಟೇ ಅಲ್ಲ, ಯಾಕೆ ಖಾಲಿಯಾಯಿತು ಎನ್ನುವುದೂ ಅವರಿಗೆ ಗೊತ್ತಿರುತ್ತದೆ.

ಮೊದಲ ಪ್ರಶ್ನೆ ನೀರು. ಇಲ್ಲಿ ನಲ್ಲಿಗೆ ನಳ ಎನ್ನುತ್ತಾರೆ. "ನಳ ಎಷ್ಟ ದಿನಕ್ಕೊಮ್ಮಿ ಬರ್ತಾವ್ರಿ?" ಎಂದು ಮಾಲೀಕರನ್ನಲ್ಲ, ಎದುರು ಮನೆಯ ಅಕ್ಕನನ್ನು ಕೇಳಿ. ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ಊರಿಗೆ ನೀರು ಬರುತ್ತದೆ. ಯಾವ ಓಣಿಗೆ ಯಾವಾಗ ಬಿಡುತ್ತಾರೆ, ಎಷ್ಟು ಹೊತ್ತು ಬಿಡುತ್ತಾರೆ ಎಂಬುದರಲ್ಲಿ ಬಹಳ ಹೆಚ್ಚುಕಡಿಮೆ. ನಾಲ್ಕಾರು ದಿನ ನಳ ಬರದಿದ್ದರೂ ತಾಳುವಷ್ಟು ದೊಡ್ಡ ಸಂಪು ಇರಬೇಕು, ಅದನ್ನು ಕೆಳಗಿನ ಮನೆಯವರ ಜೊತೆ ಹಂಚಿಕೊಳ್ಳಬೇಕೇ ಎಂದೂ ಕೇಳಿ. ಬೋರ್ ಇದೆ ಎಂದರೆ ಒಂದು ಗುಟುಕು ಬಾಯಿಗೆ ಹಾಕಿ ನೋಡಿ. ಸವಳು ನೀರಾದರೆ ಬಕೆಟಿನ ಅಂಚಿಗೆ ಬಿಳಿ ಕಟ್ಟಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂಬುದು ಕರಾರಿನಲ್ಲಿ ಬರೆದಿರಲಿ. ನಾನು ಬಾಯಿಮಾತಿಗೆ ನಂಬಿ ಒಂದು ಮೇ ತಿಂಗಳು ಪೂರ್ತಿ ತೆತ್ತಿದ್ದೇನೆ.

ಎರಡನೆಯದು ಬಿಸಿಲು. ಏಪ್ರಿಲ್-ಮೇನಲ್ಲಿ 42–43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಮೇಲಿನ ಮಹಡಿಯ ಮನೆ ಗಾಳಿ ಬೆಳಕಿಗೆ ಚೆನ್ನ ಎಂದು ಬೆಂಗಳೂರಿನವರು, ಮಲೆನಾಡಿನವರು ಆಸೆಪಡುತ್ತಾರೆ. ಮೇಲೆ ಬರಿಯ ಸ್ಲ್ಯಾಬ್ ಇದ್ದರೆ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಲಾಗದು. ಸಾಧ್ಯವಾದರೆ ಕೆಳಗಿನ ಮನೆ ಹಿಡಿಯಿರಿ, ಪಡುವಣಕ್ಕೆ ಮಲಗುವ ಕೋಣೆ ಬೇಡ. ನೆಲಕ್ಕೆ ಶಹಾಬಾದ್ ಫರ್ಸಿ ಹಾಕಿದ ಹಳೆಯ ಮನೆ ಸಿಕ್ಕರೆ ಟೈಲ್ಸ್ ಹೊಳಪಿಗೆ ಮರುಳಾಗಿ ಬಿಡಬೇಡಿ, ಮಧ್ಯಾಹ್ನ ಮಕ್ಕಳು ಬರಿಮೈಯಲ್ಲಿ ಅದರ ಮೇಲೆ ಹೊರಳಾಡುತ್ತಾರೆ. ಕೂಲರ್ ಇಡಲು ಕಿಟಕಿ ಇದೆಯೇ, ಅದಕ್ಕೆ ತುಂಬಲು ನೀರಿದೆಯೇ ನೋಡಿ. ಮೊದಲ ಪ್ರಶ್ನೆ ಮತ್ತೆ ಬಂತು.

ಮಳೆಗಾಲಕ್ಕೆ ಎರೆಮಣ್ಣು. ಒಣಗಿದಾಗ ಬಿರಿಯುವ, ನೆನೆದಾಗ ಉಬ್ಬುವ ಮಣ್ಣು ಅದು. ಪಾಯ ಸರಿಯಿಲ್ಲದ ಕಟ್ಟಡದ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿರುತ್ತದೆ. ಹೊಸ ಸುಣ್ಣಬಣ್ಣ ಹೊಡೆದಿದ್ದರೆ ಬೆರಳಾಡಿಸಿ ನೋಡಿ. ರಿಂಗ್ ರೋಡಿನಾಚೆಯ ಹೊಸ ಲೇಔಟುಗಳಲ್ಲಿ ಮನೆಗಿಂತ ಮೊದಲು ರಸ್ತೆ, ಚರಂಡಿ, ಬೀದಿದೀಪ ನೋಡಬೇಕು. ಹತ್ತು ಪ್ಲಾಟಿಗೆ ಎರಡು ಮನೆ ಎದ್ದಿರುವ ಕಡೆ ಮಕ್ಕಳಿಗೆ ಆಡಲು ಜೊತೆಯೂ ಇಲ್ಲ, ಸಂಜೆ ಏಳರ ಮೇಲೆ ಟ್ಯೂಷನ್ನಿನಿಂದ ಒಬ್ಬಳೇ ಬರುವ ಮಗಳಿಗೆ ಧೈರ್ಯವೂ ಇಲ್ಲ.

ಇನ್ನೊಂದು ಪ್ರಶ್ನೆ ನೀವು ಕೇಳುವುದಲ್ಲ, ನಿಮಗೆ ಕೇಳುವುದು. ಅಡ್ಡಹೆಸರೇನು, ಯಾವ ಮಂದಿ, ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ ಎಂದು ಕೆಲವು ಮಾಲೀಕರು ಮುಖಕ್ಕೆ ಹೊಡೆದಂತೆ ಕೇಳುತ್ತಾರೆ. ಸುಳ್ಳು ಹೇಳಿ ಮನೆ ಹಿಡಿಯಲು ಹೋಗಬೇಡಿ, ನಿತ್ಯ ಕದ್ದು ಒಗ್ಗರಣೆ ಹಾಕುವ ಬಾಳು ಯಾರಿಗೂ ಬೇಡ. ಕೇಳದವರ ಮನೆಗಳೂ ಬೇಕಾದಷ್ಟಿವೆ. ಎಲ್ಲ ಊರಿನ ನೌಕರರು ಕೂಡಿ ಬಾಳುವ ಹಳೆಯ ನೌಕರರ ಕಾಲೊನಿಗಳಲ್ಲಿ, ಹೌಸಿಂಗ್ ಬೋರ್ಡಿನ ಕಾಲೊನಿಗಳಲ್ಲಿ ಈ ವಿಚಾರಣೆ ಕಡಿಮೆ ಎಂಬುದು ನನ್ನ ಅನುಭವ.

5. ಅಡ್ವಾನ್ಸ್ ಕೊಡುವ ಮೊದಲು ಎರಡು ಬೆಳಿಗ್ಗೆ

ಮನೆ ಒಪ್ಪಿಗೆಯಾದರೆ ಕೂಡಲೇ ದುಡ್ಡು ಕೊಡಬೇಡಿ. ಸೋಮವಾರ ಒಮ್ಮೆ, ವಾರದ ನಡುವೆ ಒಮ್ಮೆ, ಬೆಳಿಗ್ಗೆ ಎಂಟಕ್ಕೆ ಆ ಮನೆಯ ಬಾಗಿಲಿನಿಂದ ಶಾಲೆಯ ಗೇಟಿಗೆ, ಅಲ್ಲಿಂದ ಕಚೇರಿಗೆ ಗಾಡಿ ಓಡಿಸಿ ನೋಡಿ. ಸಿಟಿ ಬಸ್ಸು ಆ ದಾರಿಯಲ್ಲಿ ನಿಜಕ್ಕೂ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂಬುದು ನಿಲ್ದಾಣದಲ್ಲಿ ನಿಂತರಷ್ಟೇ ತಿಳಿಯುತ್ತದೆ. ಶರಣಬಸವೇಶ್ವರ ಗುಡಿಯ ಸುತ್ತ ಮನೆ ಮಾಡುವವರು ಹೋಳಿ ಕಳೆದ ಮೇಲಿನ ಜಾತ್ರೆಯ ದಿನಗಳಲ್ಲಿ ಗಾಡಿಯನ್ನು ಮರೆತುಬಿಡಬೇಕು. ಮಕ್ಕಳಿಗೇನೋ ಅದೇ ಹಬ್ಬ.

ಸಂಜೆಯೂ ಒಮ್ಮೆ ಹೋಗಿ. ಮಕ್ಕಳು ರಸ್ತೆಯಲ್ಲಿ ಆಡುತ್ತಿದ್ದರೆ ಅದು ಒಳ್ಳೆಯ ಓಣಿ. ಭಾನುವಾರಕ್ಕೆ ಅಪ್ಪನ ಕೆರೆಯ ದಂಡೆ, ಪಬ್ಲಿಕ್ ಗಾರ್ಡನ್, 1984ರಿಂದ ನಡೆಯುತ್ತಿರುವ ಜಿಲ್ಲಾ ವಿಜ್ಞಾನ ಕೇಂದ್ರ, ಬುದ್ಧ ವಿಹಾರ ಇವೆಯಲ್ಲ, ಇವುಗಳಲ್ಲಿ ಒಂದಾದರೂ ಹತ್ತಿರವಿದ್ದರೆ ಮೊಬೈಲಿನ ಜಗಳ ಅಷ್ಟು ಕಡಿಮೆ.

ಮೊದಲ ವರ್ಷ ಪ್ಲಾಟು ಕೊಳ್ಳಬೇಡಿ. ಯಾರು ಎಷ್ಟೇ "ಏರ್‌ಪೋರ್ಟ್ ಹತ್ರ ಅದರೀ, ರೇಟ್ ಡಬಲ್ ಆಗ್ತದ" ಅಂದರೂ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಆಮೇಲೆ ಕೊಳ್ಳುವುದಾದರೆ ಜಾಗ ಕೃಷಿಯೇತರ, ಅಂದರೆ ಎನ್‌ಎ ಆಗಿದೆಯೇ, ನಗರಾಭಿವೃದ್ಧಿ ಪ್ರಾಧಿಕಾರ ಲೇಔಟಿಗೆ ಒಪ್ಪಿಗೆ ಕೊಟ್ಟಿದೆಯೇ, ಋಣಭಾರ ಪತ್ರ ಏನು ಹೇಳುತ್ತದೆ, ಇ-ಖಾತಾ ಇದೆಯೇ ಎಂದು ವಕೀಲರಿಗೆ ತೋರಿಸಿ.

6. ಯಾವ ತಿಂಗಳು ಏನು

ಸಿಬಿಎಸ್‌ಇ ಶಾಲೆಗಳ ವಿಚಾರಣೆಯನ್ನು ಸಂಕ್ರಾಂತಿ ಕಳೆದ ಕೂಡಲೇ ಮುಗಿಸಿ, ಹೆಸರುವಾಸಿ ಶಾಲೆಗಳಲ್ಲಿ ಮಾರ್ಚ್‌ಗೆ ಸೀಟು ಉಳಿದಿರುವುದಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ, ಸ್ವಲ್ಪ ಉಸಿರಾಡಲು ಸಮಯವಿದೆ. ಹಳೆಯ ಶಾಲೆಯಿಂದ ಟಿ.ಸಿ. ಜೊತೆಗೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನೂ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಗುರುತಿನ ಸಂಖ್ಯೆ) ಬರೆಸಿಕೊಂಡು ಬನ್ನಿ, ರಾಜ್ಯದೊಳಗಿನ ವರ್ಗಾವಣೆಗೆ ಅದೇ ಆಧಾರ. ಹೊರರಾಜ್ಯದ ಟಿ.ಸಿ.ಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವುದುಂಟು. ಇದೊಂದಕ್ಕಾಗಿ ಮತ್ತೆ ಆ ಊರಿಗೆ ಓಡುವುದು ತಪ್ಪಲಿ.

ಬಾಡಿಗೆ ಮನೆಗಳು ಹೆಚ್ಚು ಖಾಲಿಯಾಗುವುದು ಏಪ್ರಿಲ್, ಮೇನಲ್ಲಿ. ಮಧ್ಯಾಹ್ನ ಮನೆ ನೋಡಲು ಹೊರಟರೆ ತಲೆಗೆ ವಸ್ತ್ರ ಸುತ್ತಿಕೊಳ್ಳಿ, ಬಾಟಲಿ ನೀರು ಇಟ್ಟುಕೊಳ್ಳಿ. ಕೂಲರ್ ಮಾತ್ರ ಫೆಬ್ರುವರಿಯಲ್ಲೇ ಕೊಂಡುಬಿಡಿ. ಯುಗಾದಿ ದಾಟಿದ ಮೇಲೆ ರೇಟೂ ಏರಿರುತ್ತದೆ, ರಿಪೇರಿಯವನು ಫೋನೂ ಎತ್ತುವುದಿಲ್ಲ.